ಟೈಫಾಯ್ಡಿಗೆ ಸಿಪ್ರೊ ಯಾಕೆ ನಾಟುವುದಿಲ್ಲ

ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜ್ವರವೂ ಹಿಡಿಯುತ್ತದೆ. ಇಲಿಜ್ವರ, ಡೆಂಗಿ, ಟೈಫಾಯ್ಡ್, ಮೊದಲ ಮೂರು ದಿನ ಎಲ್ಲವೂ ಒಂದೇ ಥರ ಕಾಣುತ್ತವೆ. ವಿಡಾಲ್ ಪರೀಕ್ಷೆಯಲ್ಲಿ ಚೂರು ಪಾಸಿಟಿವ್ ಬಂದರೆ ಸಾಕು, ಟೈಫಾಯ್ಡ್ ಎಂದು ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ) ಎಂಬ ಆಂಟಿಬಯಾಟಿಕ್ ಮಾತ್ರೆ ಕೊಟ್ಟುಬಿಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹೋಗಲೇಬೇಕು. ಕಾರಣ ಬ್ಯಾಕ್ಟೀರಿಯಾದ ಡಿಎನ್‌ಎಯ ಒಂದು ಅಕ್ಷರದಲ್ಲಿದೆ.

ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ಟೈಫಿಯೊಳಗೆ ಗೈರೇಸ್ ಎಂಬ ಕಿಣ್ವವಿದೆ. ಹೊಸೆದ ಹಗ್ಗದ ಹಾಗೆ ಬಿಗಿದುಕೊಂಡ ಡಿಎನ್‌ಎಯನ್ನು ಕತ್ತರಿಸಿ, ಇನ್ನೊಂದು ಭಾಗವನ್ನು ನಡುವೆ ದಾಟಿಸಿ, ಮತ್ತೆ ಬೆಸೆಯುವುದು ಅದರ ಕೆಲಸ. ಗೈರೇಸ್ ಹೀಗೆ ಕತ್ತರಿಸಿದ ಗಳಿಗೆಯಲ್ಲೇ ಸಿಪ್ರೊ ಹೋಗಿ ಕೂರುತ್ತದೆ. ಬೆಸುಗೆ ಆಗುವುದಿಲ್ಲ, ಬ್ಯಾಕ್ಟೀರಿಯಾ ಸಾಯುತ್ತದೆ. ಹಾಗೆ ಕೂರಲು ಅದಕ್ಕೆ ಹಿಡಿತ ಬೇಕು. ಗೈರೇಸ್‌ನ 83ನೇ ಸ್ಥಾನದ ಸೆರೀನ್, 87ನೇ ಸ್ಥಾನದ ಆಸ್ಪಾರ್ಟಿಕ್ ಆಮ್ಲ, ಈ ಎರಡು ಅಮೈನೊ ಆಮ್ಲಗಳೇ ಆ ಹಿಡಿತ. ನಡುವೆ ಒಂದು ಮೆಗ್ನೀಸಿಯಂ ಅಯಾನು, ಕೆಲವು ನೀರಿನ ಅಣು. ಸೆರೀನ್‌ಗೆ ಜೀನಿನಲ್ಲಿ ಬರೆದಿರುವ ಡಿಎನ್‌ಎ ಅಕ್ಷರಗಳು ಟಿ-ಸಿ-ಸಿ. ನಡುವಿನ ಸಿ ತಪ್ಪಿ ಟಿ ಆದರೆ ಸೆರೀನ್ ಜಾಗಕ್ಕೆ ಫಿನೈಲಲನಿನ್ ಬರುತ್ತದೆ, ಹಿಡಿತ ಸಡಿಲ. ಆಗ ಮಿಲಿಲೀಟರಿಗೆ 0.03 ಮೈಕ್ರೊಗ್ರಾಂಗಿಂತ ಕಡಿಮೆ ಸಿಪ್ರೊದಲ್ಲೇ ಬೆಳವಣಿಗೆ ನಿಲ್ಲುತ್ತಿದ್ದ ಬ್ಯಾಕ್ಟೀರಿಯಾಕ್ಕೆ 0.12ರಿಂದ 0.5ರವರೆಗೆ ಬೇಕಾಗುತ್ತದೆ. 87ನೆಯದೂ, ಪಾರ್-ಸಿ ಎಂಬ ಇನ್ನೊಂದು ಜೀನಿನ 80ನೆಯದೂ ಬದಲಾದರೆ ಸಿಪ್ರೊದ ಕಥೆ ಮುಗಿಯಿತು.

ಮೊದಲ ಹಂತದಲ್ಲೇ ರೋಗಿಗೆ ಮೋಸವಾಗುತ್ತಿತ್ತು. ಹಳೆಯ ಮಾನದಂಡದಲ್ಲಿ 1ರವರೆಗೂ ‘ಎಸ್’, ಅಂದರೆ ಮದ್ದು ನಾಟುತ್ತದೆ ಎಂದೇ ವರದಿ. ಅಂಥ ವರದಿ ಕೈಯಲ್ಲಿಟ್ಟುಕೊಂಡೂ ಜ್ವರ ಇಳಿಯುತ್ತಿರಲಿಲ್ಲ. 2012ರಲ್ಲಿ ಲ್ಯಾಬ್ ಪರೀಕ್ಷೆಗಳಿಗೆ ಮಾನದಂಡ ನಿಗದಿ ಮಾಡುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ ಸಾಲ್ಮೊನೆಲ್ಲಾಕ್ಕೆ ಆ ಗೆರೆಯನ್ನು 0.06ಕ್ಕೆ ಇಳಿಸಿತು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಸವರಿದ ತಟ್ಟೆಯ ಮೇಲೆ ಮದ್ದು ತುಂಬಿದ ಕಾಗದದ ಬಿಲ್ಲೆ, ಅಂದರೆ ಡಿಸ್ಕ್ ಇಡುತ್ತಾರೆ. ಸಿಪ್ರೊ ಡಿಸ್ಕಿನಲ್ಲಿ ಈ ಸಣ್ಣ ಬದಲಾವಣೆ ತಪ್ಪಿಹೋಗಬಹುದು; ಸಿಪ್ರೊ ಗುಂಪಿನದೇ ಆದ ಪೆಫ್ಲಾಕ್ಸಾಸಿನ್‌ನ 5 ಮೈಕ್ರೊಗ್ರಾಂ ಡಿಸ್ಕ್ ಅದನ್ನು ಚೆನ್ನಾಗಿ ಹಿಡಿಯುತ್ತದೆ. ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ 24 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಸಿಪ್ರೊ ಬರೆಯಬಾರದು.

ಇನ್ನೊಂದು ಬಗೆಯ ಪ್ರತಿರೋಧ ಎರವಲು ತಂದದ್ದು. ಆಂಪಿಸಿಲಿನ್, ಕ್ಲೋರಾಂಫೆನಿಕಾಲ್, ಕೋಟ್ರೈಮಾಕ್ಸಜೋಲ್ ಮೂರನ್ನೂ ತಡೆಯುವ ಜೀನುಗಳು ಒಂದೇ ಪ್ಲಾಸ್ಮಿಡ್, ಅಂದರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಬಿಡಿ ಡಿಎನ್‌ಎ ತುಣುಕಿನ ಮೇಲೆ ಕೂತು ಬಂದಿದ್ದವು. ಪ್ಲಾಸ್ಮಿಡ್ ಹೊತ್ತು ತಿರುಗುವುದು ಬ್ಯಾಕ್ಟೀರಿಯಾಕ್ಕೆ ಭಾರ. ಆ ಮದ್ದುಗಳ ಬಳಕೆ ಕಡಿಮೆಯಾದ ಮೇಲೆ ನಮ್ಮ ದೇಶದ ಎಷ್ಟೋ ಟೈಫಿ ತಳಿಗಳು ಅದನ್ನು ಕಳಚಿಹಾಕಿವೆ; ಹಳೆಯ ಮದ್ದು ಮತ್ತೆ ನಾಟುತ್ತಿದೆ. 83ನೇ ಸ್ಥಾನದ ಬದಲಾವಣೆ ಮಾತ್ರ ಬ್ಯಾಕ್ಟೀರಿಯಾಕ್ಕೆ ಭಾರವೇ ಅಲ್ಲ, ಹಾಗಾಗಿ ಸಿಪ್ರೊ ನಿಲ್ಲಿಸಿದ ಕೂಡಲೇ ಅದು ಮಾಯವಾಗುತ್ತದೆ ಎಂದು ಕಾಯುವುದು ವ್ಯರ್ಥ.

ಈಗ ಕೈಯಲ್ಲಿರುವುದು ಮುಖ್ಯವಾಗಿ ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೋಮೈಸಿನ್. ಮೊದಲನೆಯದನ್ನು ಒಡೆಯುವ ಸಿಟಿಎಕ್ಸ್-ಎಂ-15 ಜೀನು ನಮ್ಮ ಕರುಳಿನ ಇ. ಕೋಲಿಯಲ್ಲಿ ಸಾಮಾನ್ಯ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹರಡಿದ ಟೈಫಾಯ್ಡ್ ತಳಿ ಇದೇ ಜೀನನ್ನು ಪ್ಲಾಸ್ಮಿಡ್ ಸಮೇತ ಪಡೆದಿತ್ತು, ಸಿಪ್ರೊ ತಡೆಯುವ ಇನ್ನೊಂದು ಜೀನೂ ಅದರಲ್ಲೇ ಇತ್ತು. ಇಲಿಜ್ವರದವರಿಗೆ ಸುಮ್ಮನೆ ಸಿಪ್ರೊ, ಇಲ್ಲವೇ ಸೆಫ್ಟ್ರಿಯಾಕ್ಸೋನ್ ಗುಂಪಿನದೇ ಆದ ಸೆಫಿಕ್ಸಿಮ್ ಕೊಟ್ಟರೆ ಕರುಳಿನಲ್ಲಿ ಬದುಕುಳಿಯುವುದು ಇಂಥ ಜೀನು ಹೊತ್ತವೇ. ನನಗೆ ಇದೇ ದೊಡ್ಡ ಚಿಂತೆ.

ಲ್ಯಾಬಿನವರಿಗೆ ಮಳೆಗಾಲದ ಒಂದು ಮಾತು. ಡಿಸ್ಕಿನ ಡಬ್ಬಿ ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ, ಹೊರಗಿನ ಬಿಸುಪಿಗೆ ಬರುವವರೆಗೆ ಒಂದೆರಡು ಗಂಟೆ ಬಿಡಿ. ಇಲ್ಲದಿದ್ದರೆ ನಮ್ಮ ಹವೆಯ ತೇವವೆಲ್ಲ ಡಿಸ್ಕಿನ ಮೇಲೆ ಹನಿಯುತ್ತದೆ. ಸೆಫ್ಟ್ರಿಯಾಕ್ಸೋನ್ ಸೇರಿದ ಸೆಫಲೋಸ್ಪೊರಿನ್ ಗುಂಪಿನ ಮದ್ದು ತೇವದಲ್ಲಿ ಶಕ್ತಿ ಕಳೆದುಕೊಂಡು ವಲಯ ಕಿರಿದಾಗಿ, ಇಲ್ಲದ ಪ್ರತಿರೋಧ ಕಾಣುತ್ತದೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ದಪ್ಪ 4 ಮಿಲಿಮೀಟರ್ ಇರಲಿ. ತೆಳುವಾದರೆ ವಲಯ ಹಿಗ್ಗುತ್ತದೆ, ಇರುವ ಪ್ರತಿರೋಧ ಮುಚ್ಚಿಹೋಗುತ್ತದೆ, ಅದು ಇನ್ನೂ ಕೆಟ್ಟದ್ದು. ಬ್ಯಾಕ್ಟೀರಿಯಾ ಕದಡಿದ ದ್ರವವನ್ನು 0.5 ಮ್ಯಾಕ್‌ಫರ್ಲೆಂಡ್ (ಮಬ್ಬಿನ ಅಳತೆ) ಗೆ ಹೊಂದಿಸಿದ ಮೇಲೆ 15 ನಿಮಿಷದೊಳಗೆ ಸವರಿಬಿಡಿ.

ಇಷ್ಟೆಲ್ಲ ಮಾಡಲು ಮೊದಲು ಬ್ಯಾಕ್ಟೀರಿಯಾ ಸಿಗಬೇಕು. ಟೈಫಾಯ್ಡಿನಲ್ಲಿ ರಕ್ತದ ಒಂದು ಮಿಲಿಲೀಟರಿನಲ್ಲಿ ಒಂದು ಬ್ಯಾಕ್ಟೀರಿಯಾವೂ ಇಲ್ಲದಿರಬಹುದು. ಅದಕ್ಕೇ ದೊಡ್ಡವರಿಂದ ಬ್ಯಾಕ್ಟೀರಿಯಾ ಬೆಳೆಸುವ ಕಲ್ಚರ್ ಬಾಟಲಿಗೆ 8ರಿಂದ 10 ಮಿಲಿಲೀಟರ್ ತೆಗೆಯಬೇಕು, ಮೊದಲ ಮಾತ್ರೆಗೆ ಮುಂಚೆಯೇ. ಹೊಸನಗರದಿಂದ ಶಿವಮೊಗ್ಗಕ್ಕೆ ಬಾಟಲಿ ಕಳಿಸುವುದಾದರೆ ಐಸ್ ಬೇಡ, ಫ್ರಿಜ್ಜಿನಲ್ಲೂ ಇಡಬೇಡಿ. ಬಟ್ಟೆ ಸುತ್ತಿ, ನೆಟ್ಟಗೆ ನಿಲ್ಲಿಸಿ, ಅದೇ ದಿನದ ಬಸ್ಸಿಗೆ ಕೊಟ್ಟುಬಿಡಿ.