ಮನೆಯಲ್ಲೇ ಎಚ್ ಮಾಡುವ ಬೋರ್ಡಿಗೆ ಲೇಔಟ್ ಹೇಗಿರಬೇಕು

ಮನೆಯಲ್ಲಿ ಪಿಸಿಬಿ (ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಕೂಡಿಸುವ ತಾಮ್ರದ ಗೆರೆಗಳ ಬೋರ್ಡು) ಮಾಡುವುದು ಹೀಗೆ: ಲೇಸರ್ ಪ್ರಿಂಟರಿನಲ್ಲಿ ಮುದ್ರಿಸಿದ ಚಿತ್ರದ ಟೋನರನ್ನು ಇಸ್ತ್ರಿ ಪೆಟ್ಟಿಗೆಯಿಂದ ತಾಮ್ರದ ಬೋರ್ಡಿಗೆ ಅಂಟಿಸಿ, ಟೋನರ್ ಇಲ್ಲದ ತಾಮ್ರವನ್ನು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಕರಗಿಸುವುದು, ಅಂದರೆ ಎಚ್ (etch) ಮಾಡುವುದು. ಬೋರ್ಡು ಕೆಟ್ಟರೆ ಬೈಗುಳ ಬೀಳುವುದು ಫೆರಿಕ್ ಕ್ಲೋರೈಡಿಗೆ, ಇಲ್ಲವೇ ಇಸ್ತ್ರಿ ಪೆಟ್ಟಿಗೆಗೆ. ಹೆಚ್ಚಿನ ಸಲ ತಪ್ಪು ಇರುವುದು ಲೇಔಟಿನಲ್ಲಿ, ಅಂದರೆ ಆ ಗೆರೆಗಳ ನಕ್ಷೆಯಲ್ಲಿ. ಕಿಕ್ಯಾಡ್‌ನಂಥ ಬೋರ್ಡು ವಿನ್ಯಾಸದ ಸಾಫ್ಟ್‌ವೇರ್ ತಾನಾಗಿ ಇಟ್ಟುಕೊಳ್ಳುವ 0.2 ಮಿ.ಮೀ. ಟ್ರ್ಯಾಕು (ತಾಮ್ರದ ಗೆರೆ), ಅಷ್ಟೇ ಅಂತರ ಕಾರ್ಖಾನೆಗೆ ಸರಿ. ಟೋನರ್ ಅಂಟಿಸಿ ಎಚ್ ಮಾಡುವುದಾದರೆ ಮೊದಲ ಗೆರೆ ಎಳೆಯುವ ಮುಂಚೆಯೇ ಇವನ್ನು ಬದಲಿಸಿ.

ನಾನು ಹೇಳುವ ಅಳತೆ: ಟ್ರ್ಯಾಕಿಗೆ 0.8 ಮಿ.ಮೀ., ಅಂತರಕ್ಕೆ 0.5. ಜಾಗವಿದ್ದಲ್ಲಿ ಟ್ರ್ಯಾಕು 1 ಮಿ.ಮೀ. ಇರಲಿ. ದ್ರಾವಣ ತಾಮ್ರವನ್ನು ಕೆಳಮುಖವಾಗಿ ಮಾತ್ರವಲ್ಲ, ಟೋನರಿನ ಅಡಿಗೆ ಪಕ್ಕದಿಂದಲೂ ತಿನ್ನುತ್ತದೆ. ಬೋರ್ಡಿನ ಒಂದು ಮೂಲೆ ನಿಧಾನವಾಗಿ ಕರಗುತ್ತಿದ್ದರೆ, ಅದು ಮುಗಿಯುವವರೆಗೆ ಬೇಗ ಕರಗಿದ ಮೂಲೆಯ ಟ್ರ್ಯಾಕುಗಳು ಸವೆಯುತ್ತಲೇ ಇರುತ್ತವೆ. ಅಗಲವಾದ ಟ್ರ್ಯಾಕು ಈ ನಷ್ಟ ತಾಳಿಕೊಳ್ಳುತ್ತದೆ, ಟೋನರಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ತುಂಡಾಗುವುದಿಲ್ಲ. ಅಂತರ ಬೇಕಾಗುವುದು ಬೇರೆ ಕಾರಣಕ್ಕೆ: ಜೋರಾಗಿ ಒತ್ತಿದರೆ ಕರಗಿದ ಟೋನರ್ ಹರಡಿ ಪಕ್ಕದ ಗೆರೆಗೆ ಸೇರಿಕೊಳ್ಳುತ್ತದೆ.

ಐಸಿಯ (ಚಿಪ್‌ನ) ಎರಡು ಕಾಲುಗಳ ನಡುವೆ ಟ್ರ್ಯಾಕು ತೂರಿಸುವ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ನೋಡಿ: ಕಾಲುಗಳ ದೂರ 2.54 ಮಿ.ಮೀ., ಪ್ಯಾಡ್ (ಕಾಲನ್ನು ಬೆಸೆಯುವ ತಾಮ್ರದ ತುಂಡು) 1.6. ಉಳಿದದ್ದು 0.94. ಅದರಲ್ಲಿ 0.4ರ ಟ್ರ್ಯಾಕು ಹಾಕಿದರೆ ಎರಡೂ ಬದಿಗೆ 0.27 ಮಾತ್ರ. ಆಗುವುದಿಲ್ಲವೆಂದಲ್ಲ, ಆದರೆ ಅದರ ಬದಲು ಒಂದು ತಂತಿಯ ಜಂಪರ್ (ಬೋರ್ಡಿನ ಮೇಲಿನಿಂದ ದಾಟಿಸುವ ತಂತಿ) ಹಾಕುವುದು ಎಷ್ಟೋ ಮೇಲು.

ಪ್ಯಾಡಿನಲ್ಲಿ ಜಿಪುಣತನ ಬೇಡವೇ ಬೇಡ. 1.6ರ ದುಂಡು ಪ್ಯಾಡಿಗೆ 0.8ರ ತೂತು ಕೊರೆದರೆ ಸುತ್ತ ಉಳಿಯುವ ತಾಮ್ರದ ಉಂಗುರ 0.4. ಕೈಯಲ್ಲಿ ಕೊರೆಯುವಾಗ 0.3 ಸರಿದರೆ ಒಂದು ಬದಿಗೆ ಉಳಿದದ್ದು 0.1, ಬೆಸುಗೆಯ ಬಿಸಿಗೆ ಅದು ಎದ್ದುಬರುತ್ತದೆ. ಡಿಐಪಿ (ಎರಡು ಸಾಲು ಕಾಲುಗಳ) ಐಸಿಗಳಿಗೆ ಕಿಕ್ಯಾಡ್‌ನಲ್ಲಿ ‘ಲಾಂಗ್‌ಪ್ಯಾಡ್ಸ್’ ಎಂಬ ಫುಟ್‌ಪ್ರಿಂಟ್ (ಬಿಡಿಭಾಗದ ಪ್ಯಾಡುಗಳ ಅಚ್ಚು) ಇದೆ, ಪ್ಯಾಡ್ 2.4 × 1.6. ಅದನ್ನೇ ಆರಿಸಿ. ಪ್ಲಾಟ್ ಮಾಡುವಾಗ (ಮುದ್ರಣಕ್ಕೆ ಚಿತ್ರ ತೆಗೆಯುವಾಗ) ಡ್ರಿಲ್ ಗುರುತು ‘ಸ್ಮಾಲ್’ ಇರಲಿ. ಪ್ಯಾಡಿನ ನಡುವೆ ಎಚ್ ಆದ ಆ ಪುಟ್ಟ ಕುಳಿಯಲ್ಲಿ ಡ್ರಿಲ್ ಬಿಟ್ ಜಾರದೆ ಕೂರುತ್ತದೆ. ಗುರುತೇ ಇಲ್ಲದಿದ್ದರೆ ನುಣುಪು ತಾಮ್ರದ ಮೇಲೆ ಬಿಟ್ ಅಲೆದಾಡುತ್ತದೆ.

ಇನ್ನು ಕನ್ನಡಿ ಬಿಂಬದ ಗೊಂದಲ. ಸಾಫ್ಟ್‌ವೇರ್ ಕೆಳಪದರವನ್ನು ಮೇಲಿನಿಂದ, ಬೋರ್ಡಿನ ಮೂಲಕ ನೋಡಿದಂತೆ ತೋರಿಸುತ್ತದೆ. ಟೋನರ್ ತಾಮ್ರಕ್ಕೆ ಹೋಗುವಾಗ ಚಿತ್ರ ತಾನೇ ಮಗುಚುತ್ತದೆ. ಹಾಗಾಗಿ ಕೆಳಪದರಕ್ಕೆ ‘ಮಿರರ್’ ಬೇಡ, ಮೇಲ್ಪದರಕ್ಕೆ ಬೇಕು. ಕೆಳಪದರದಲ್ಲಿ ಒಂದೆರಡು ಅಕ್ಷರ ಬರೆದಿಡಿ: ಕಾಗದದ ಮೇಲೆ ಅವು ತಿರುಗುಮುರುಗಾಗಿ ಕಂಡರೆ ತಾಮ್ರದ ಮೇಲೆ ನೆಟ್ಟಗೆ ಬರುತ್ತವೆ.

ಎರಡು ಪದರದ ಬೋರ್ಡನ್ನು ಸಾಧ್ಯವಾದಷ್ಟು ದೂರವಿಡಿ. ಇಲ್ಲಿ ತೂತಿನೊಳಗೆ ತಾಮ್ರದ ಲೇಪನವಿಲ್ಲ, ಎರಡು ಪದರಗಳನ್ನು ಕೂಡಿಸುವ ವಯಾ ಎಂದರೆ ತಂತಿ ತೂರಿಸಿ ಎರಡೂ ಬದಿಗೆ ಬೆಸುಗೆ ಹಾಕುವುದು. ಅನಿವಾರ್ಯವಾದರೆ ವಯಾಗಳು ಐಸಿಯ ಅಡಿಯಲ್ಲಿ ಇರದಿರಲಿ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಐಸಿ ಸಾಕೆಟ್‌ಗಳಿಗೆ ಮೇಲ್ಬದಿಯಿಂದ ಟ್ರ್ಯಾಕು ತರಬೇಡಿ, ಅಲ್ಲಿಗೆ ಬೆಸುಗೆ ಕಬ್ಬಿಣದ ತುದಿ ತಲುಪುವುದಿಲ್ಲ.

ಖಾಲಿ ಜಾಗಕ್ಕೆಲ್ಲ ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟಿಗೆ ಸೇರಿದ ತಾಮ್ರ) ತುಂಬಿಸಿದರೆ ಕರಗಿಸಬೇಕಾದ ತಾಮ್ರ ಕಡಿಮೆ, ದ್ರಾವಣ ಹೆಚ್ಚು ದಿನ ಬರುತ್ತದೆ. ಅದರ ಸುತ್ತಲಿನ ಅಂತರ ಮಾತ್ರ 0.6ಕ್ಕಿಂತ ಕಡಿಮೆಯಾಗದಿರಲಿ. ಬೋರ್ಡಿನ ಅಂಚಿನಿಂದಲೂ 2 ಮಿ.ಮೀ. ಬಿಡಿ. ಕತ್ತರಿಸಿದ ಅಂಚಿನ ಉಬ್ಬು ಕಾಗದವನ್ನು ಎತ್ತಿಹಿಡಿಯುವುದರಿಂದ ಅಲ್ಲಿ ಟೋನರ್ ಹಿಡಿಯುವುದಿಲ್ಲ.

ಚಿತ್ರವನ್ನು ಪಿಡಿಎಫ್ ಆಗಿ ತೆಗೆಯಿರಿ. ಜೆಪೆಗ್‌ನಲ್ಲಿ ಅಂಚುಗಳು ಬೂದಾಗುತ್ತವೆ, ಲೇಸರ್ ಪ್ರಿಂಟರ್ ಆ ಬೂದನ್ನು ಚುಕ್ಕೆಗಳಾಗಿ ಒಡೆಯುತ್ತದೆ. ‘ಫಿಟ್ ಟು ಪೇಜ್’ ತೆಗೆದು 100% ಇಡಿ, ಟೋನರ್ ಉಳಿತಾಯವನ್ನೂ ಆಫ್ ಮಾಡಿ. ಮೊದಲು ಸಾದಾ ಕಾಗದದಲ್ಲಿ ಮುದ್ರಿಸಿ ಅಳೆಯಿರಿ: 40 ಕಾಲಿನ ಡಿಐಪಿಯಲ್ಲಿ ಒಂದು ಸಾಲಿನ ಮೊದಲ ಪ್ಯಾಡಿನಿಂದ ಕೊನೆಯದಕ್ಕೆ 48.26 ಮಿ.ಮೀ. ಬರಬೇಕು. ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ, ಏಕೆಂದರೆ ಕೆಲವು ಪ್ರಿಂಟರ್‌ಗಳು ಕಾಗದ ಸಾಗುವ ದಿಕ್ಕಿನಲ್ಲಷ್ಟೇ ಚಿತ್ರವನ್ನು ಎಳೆಯುತ್ತವೆ. ಆಮೇಲೆ ಅದೇ ಕಾಗದವನ್ನು ಥರ್ಮೊಕೋಲ್ ತುಂಡಿನ ಮೇಲಿಟ್ಟು ರಿಲೇ, ಕನೆಕ್ಟರ್, ಟ್ರಾನ್ಸ್‌ಫಾರ್ಮರ್ ಕಾಲುಗಳನ್ನು ಚುಚ್ಚಿ ನೋಡಿ. ಕೆಳಪದರದ ಚಿತ್ರ ಬಿಡಿಭಾಗಗಳ ಬದಿಯಿಂದ ಕಂಡಂತೆಯೇ ಇರುವುದರಿಂದ ಕಾಲುಗಳು ನೇರವಾಗಿ ಕೂರಬೇಕು. ಕೂರದಿದ್ದರೆ ತಪ್ಪು ಇರುವುದು ಫುಟ್‌ಪ್ರಿಂಟಿನಲ್ಲಿ, ಈಗಲೇ ತಿದ್ದಿಬಿಡಿ.