ದೀಪಾವಳಿಗೆ ಮನೇಲಿ ಕೂತು ಏನ್ ಮಾಡ್ತೀರಾ?

ಈ ಪ್ರಶ್ನೆ ಆಗಸ್ಟ್‌ನಲ್ಲೇ ಶುರುವಾಗುತ್ತದೆ. ರೈಲು ಟಿಕೆಟ್ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಆ ದಿನ ಬೆಳಿಗ್ಗೆ ಎಂಟಕ್ಕೆ ನಾನು ಫೋನ್ ಹಿಡಿದು ಕೂತಿರುತ್ತೇನೆ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್, ಬೆಂಗಳೂರಿನಿಂದ ಬಾಗಲಕೋಟೆಗೆ. ಟಿಕೆಟ್ ಸಿಕ್ಕ ಖುಷಿಯನ್ನು ಆಫೀಸಿನಲ್ಲಿ ಹೇಳಿಕೊಂಡರೆ ಸಾಕು, ಯಾರಾದರೂ ಕೇಳೇ ಕೇಳುತ್ತಾರೆ: “ಮತ್ತೆ ಊರಿಗಾ? ನಾಲ್ಕು ದಿನ ಸುಮ್ನೆ ಮನೇಲಿ ಕೂತು ಏನ್ ಮಾಡ್ತೀರಾ?”

ಹತ್ತು ವರ್ಷ ನಗುತ್ತಾ ಉತ್ತರ ಕೊಟ್ಟಿದ್ದೇನೆ. “ಹಬ್ಬ ಮಾಡ್ತೀವಿ” ಎಂದರೆ “ಅಷ್ಟೇನಾ?” ಅನ್ನುತ್ತಾರೆ. ಈಗ ಸಾಕಾಗಿದೆ. ಅದಕ್ಕೇ ಬರೆದು ಇಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಆ ‘ಸುಮ್ನೆ’ ತೆಗೆದುಬಿಡಿ. ಅದೇ ನನಗೆ ಚುಚ್ಚುವುದು. ಗೋವಾಕ್ಕೆ ಹೋಗಿ ಮೂರು ದಿನ ಕಡಲ ಮುಂದೆ ಮಲಗಿ ಬಂದವರನ್ನು ಯಾರೂ ಹೀಗೆ ಕೇಳುವುದಿಲ್ಲ. ಮನೆಗೆ ಹೋಗುವವರು ಮಾತ್ರ ಲೆಕ್ಕ ಕೊಡಬೇಕು. ಬಾಗಲಕೋಟೆಯ ಹೋಳಿ ಹಬ್ಬಕ್ಕೆ ಹೊರಟಿದ್ದೇನೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅದು ಹೆಸರಾದ ಹಬ್ಬ. ಬೀದಿಯಲ್ಲಿ ಬಣ್ಣ, ಹಲಗೆ ಸದ್ದು, ನೋಡಲು ಹೊರಗಿನವರೂ ಬರುತ್ತಾರೆ. ನಮ್ಮ ದೀಪಾವಳಿಯಲ್ಲಿ ಹೊರಗಿನವರು ನೋಡುವಂಥದ್ದು ಏನೂ ಇಲ್ಲ. ಇರುವುದೆಲ್ಲ ಹೊಸ್ತಿಲ ಒಳಗೆ, ಬಚ್ಚಲಲ್ಲಿ, ಹಿತ್ತಲಲ್ಲಿ.

ಲೆಕ್ಕ ಬೇಕೇ ಬೇಕು ಅಂದರೆ ಕೊಡುತ್ತೇನೆ. 2025ರದ್ದೇ ತಗೊಳ್ಳಿ. ಅಕ್ಟೋಬರ್ 20 ಸೋಮವಾರ ನರಕ ಚತುರ್ದಶಿ, 22 ಬುಧವಾರ ಬಲಿಪಾಡ್ಯ. ಎರಡಕ್ಕೂ ಸರ್ಕಾರಿ ರಜೆ. ನಡುವಿನ ಮಂಗಳವಾರಕ್ಕೆ ನನ್ನ ರಜೆ ಹಾಕಿದೆ. ಆ ಒಂದು ದಿನಕ್ಕೂ “ಏನು ವಿಶೇಷ?” ಎಂದು ಕೇಳಿದರು. ಮನೆಯಲ್ಲಿ ಅಮಾವಾಸ್ಯೆ, ಅಪ್ಪನ ಅಂಗಡಿಯಲ್ಲಿ ಲಕ್ಷ್ಮೀ ಪೂಜೆ. ಅಪ್ಪ ಗುಳೇದಗುಡ್ಡದ ಖಣ ಮಾರುತ್ತಾರೆ. ಹಣ್ಣು, ಹೂವು, ಖಾತೆ ಪುಸ್ತಕ ಎಲ್ಲ ಇಟ್ಟು, ಬಾಗಿಲಲ್ಲಿ ನಿಂತು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಚುರುಮುರಿ, ಪೇಢೆ ಕೊಡುವುದು ನನ್ನ ಕೆಲಸ. ಅದು ವಿಶೇಷ.

ಪಾಡ್ಯದ ದಿನ ಪಾಂಡವರು. ಇದನ್ನು ಬೆಂಗಳೂರಿನಲ್ಲಿ ಹೇಳಿದರೆ ಬಹಳ ಜನ ಕಣ್ಣು ಅರಳಿಸುತ್ತಾರೆ. ಸಗಣಿಯಲ್ಲಿ ಐದು ಪುಟ್ಟ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂವು ಸಿಕ್ಕಿಸಿ, ಹೊಸ್ತಿಲ ಬದಿಗೆ, ತುಳಸಿ ಮುಂದೆ ಇಡುತ್ತೇವೆ. ನಮ್ಮ ಕಡೆ ಇದಕ್ಕೆ ಹಟ್ಟಿ ಹಬ್ಬ ಎಂದೇ ಹೆಸರು. ನವನಗರದ ನಮ್ಮ ಮನೆಗೆ ದನದ ಹಟ್ಟಿಯೇ ಇಲ್ಲ. ಅಪ್ಪ ಬೆಳಕು ಹರಿಯುವ ಮೊದಲೇ ಸ್ಕೂಟರ್ ಹತ್ತಿ ಮುಚಖಂಡಿಯಲ್ಲಿ ಪರಿಚಯದವರ ಹಟ್ಟಿಯಿಂದ ಬುಟ್ಟಿ ತುಂಬಿಸಿಕೊಂಡು ಬರುತ್ತಾರೆ. ಭೀಮನನ್ನು ಮಾಡುವುದು ನಾನೇ. ಉಳಿದವರಿಗಿಂತ ದಪ್ಪ ಇರಬೇಕು. ಅದರಲ್ಲಿ ನನಗೆ ರಾಜಿ ಇಲ್ಲ.

ಕರಚಿಕಾಯಿ, ಚಕ್ಕುಲಿ, ಶೇಂಗಾ ಹೋಳಿಗೆ ಬಗ್ಗೆ ಬರೆಯುವುದಿಲ್ಲ. ಅದನ್ನು ಡಬ್ಬಿಯಲ್ಲಿ ತಂದು ಕೊಟ್ಟಾಗ ಯಾರೂ ಪ್ರಶ್ನೆ ಕೇಳುವುದಿಲ್ಲ.

ನಿಜ ಹೇಳಬೇಕೆಂದರೆ ನಾನು ಇಷ್ಟು ದೂರ ಹೋಗುವುದು ಒಂದು ಹಂಡೆಗಾಗಿ.

ನಾನು ಆರನೇ ಇಯತ್ತೆಯಲ್ಲಿದ್ದಾಗ ನಮ್ಮ ಮನೆ ಮುಳುಗಡೆಗೆ ಹೋಯಿತು. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರು ಘಟಪ್ರಭೆಯೊಳಗೆ ಬಂತು. ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ಖಾಲಿಯಾದವು. ನಮಗೆಲ್ಲ ನವನಗರದಲ್ಲಿ ಜಾಗ ಕೊಟ್ಟರು. ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ಹೊಸ ಮನೆಯಲ್ಲಿ ಅಪ್ಪ ಆಸೆಯಿಂದ ಗೀಜರ್ ಹಾಕಿಸಿದ್ದರು. ಬಚ್ಚಲಿನ ಒಲೆ ಇರಲಿಲ್ಲ.

ಹಳೆ ಮನೆಯಲ್ಲಿ ತಾಮ್ರದ ಹಂಡೆಯನ್ನು ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿದ್ದರು. ಮನೆ ಬಿಡುವಾಗ ಆಯಿ, ಅಂದರೆ ಅಪ್ಪನ ಅವ್ವ, ನಿಂತು ಅದನ್ನು ಕಿತ್ತಿಸಿದಳು. ಬಾಗಿಲು, ತೊಲೆ ಆಮೇಲೆ. ಮೊದಲು ಹಂಡೆ.

ಹೊಸ ಮನೆಯ ಮೊದಲ ದೀಪಾವಳಿ. ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಪ್ಪ ಗೀಜರ್ ತೋರಿಸಿ, “ಅವ್ವಾ, ಬಟನ್ ಒತ್ತಿದ್ರ ಬಿಸಿನೀರು ಬರ್ತೈತಿ” ಎಂದರು. ಆಯಿ ಗೋಡೆ ನೋಡಿದಳು, ನಲ್ಲಿ ನೋಡಿದಳು. “ಗ್ವಾಡಿ ಒಳಗಿನ ನೀರು ನನಗ ಬ್ಯಾಡಪ್ಪ” ಎಂದಳು. ಅಷ್ಟೇ. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಹಂಡೆ ಕೂರಿಸಿದೆವು. ಹುಣಸೆಹಣ್ಣು, ಉಪ್ಪು ಹಚ್ಚಿ ಆಯಿ ತಿಕ್ಕಿದಳು. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಎಳೆದಳು. ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟಿದಳು. ಆದರೆ ತುಂಬುವುದಕ್ಕೆ ಬಾವಿ ನೀರು ಎಲ್ಲಿಂದ ತರುವುದು? ಅಪ್ಪ ಒಂದು ಮಾತೂ ಆಡದೆ ಸೈಕಲ್ ತಗೊಂಡು ಹಳೆ ಊರಿಗೆ ಹೋದರು. ಆಗಿನ್ನೂ ಮುಳುಗದ ನಮ್ಮ ಓಣಿಯ ಬಾವಿಯಿಂದ ಒಂದು ಕೊಡ ನೀರು ತಂದರು. ದಾರಿಯಲ್ಲಿ ತುಳುಕಿ ಅರ್ಧವಾಗಿತ್ತು. ಆಯಿ ನಲ್ಲಿ ನೀರನ್ನೇ ತುಂಬಿಸಿ, ಮೇಲಿಂದ ಆ ಬಾವಿ ನೀರು ಒಂದು ತಂಬಿಗೆ ಸುರಿದಳು. “ಈಗ ಇದು ನಮ್ಮ ನೀರಾತು” ಎಂದಳು.

ನಸುಕಿನಲ್ಲಿ ಉರಿ ಹಾಕಿದಾಗ ಹೊಗೆ ಎದ್ದಿತು. ಪಕ್ಕದ ಮನೆಯವರು ಗಾಬರಿಯಾಗಿ ಬಂದರು. ಹಂಡೆ ನೋಡಿ ಸುಮ್ಮನೆ ನಿಂತರು. ಅವರೂ ಮುಳುಗಡೆಯವರೇ, ಬೇರೆ ಓಣಿಯವರು. ಆಮೇಲೆ ಒಬ್ಬರು ಕೇಳಿದರು: “ಅಮ್ಮಾರ, ನಮ್ಮ ಹುಡುಗ್ರಿಗೂ ಒಂದೊಂದು ತಂಬಿಗಿ ಹಾಕ್ತೀರೇನ್ರಿ?” ಆ ದಿನ ಮೂರು ಮನೆಯ ಮಕ್ಕಳು ನಮ್ಮ ಹಿತ್ತಲಲ್ಲಿ ಎಣ್ಣೆ ಹಚ್ಚಿಕೊಂಡು ಚಳಿಯಲ್ಲಿ ಸಾಲಾಗಿ ಕೂತೆವು. ಆಯಿ ಎಲ್ಲರ ತಲೆಗೂ ಎರೆದಳು. ಯಾರ ಮಕ್ಕಳು ಯಾರು ಎಂದು ಅವಳಿಗೂ ಗೊತ್ತಿರಲಿಲ್ಲ.

ದೀಪಾವಳಿ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಹಿನ್ನೀರು ತುಂಬಿ ನಿಂತಿರುತ್ತದೆ. ನಾವು ಇಲ್ಲಿ ಹಂಡೆ ತುಂಬುವಾಗ ಅಲ್ಲಿ ನಮ್ಮ ಬಾವಿಯೂ ನೀರೊಳಗೇ ಇರುತ್ತದೆ. ಪ್ರತಿ ವರ್ಷ ಆ ಸಂಜೆ ನನಗೆ ಇದು ನೆನಪಾಗುತ್ತದೆ. ಮನೆಯಲ್ಲಿ ಯಾರೂ ಈ ಮಾತು ತೆಗೆಯುವುದಿಲ್ಲ. ಅಪ್ಪ ಮಾತ್ರ ಮೊದಲ ಕೊಡ ಸುರಿಯುವಾಗ ಒಂದು ಗಳಿಗೆ ನಿಲ್ಲುತ್ತಾರೆ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. “ಈಗ ಹಂಡೆ ಯಾರು ತಿಕ್ಕುತ್ತಾರೆ?” ಎಂದು ಕೇಳಿ. ಅದಕ್ಕೆ ನಾನು ಎಷ್ಟು ಹೊತ್ತು ಬೇಕಾದರೂ ಉತ್ತರ ಕೊಡುತ್ತೇನೆ. ಆಯಿ ಹೋಗಿ ಒಂಬತ್ತು ವರ್ಷವಾಯಿತು. ಅವ್ವನಿಗೆ ಮೊಣಕಾಲು ನೋವು, ನೆಲಕ್ಕೆ ಕೂರಲು ಆಗುವುದಿಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಬಾಣಲೆ ಮುಂದಿರುತ್ತಾರೆ. ಹಂಡೆ ನನ್ನದು. ನಾನು ಹೋಗದಿದ್ದರೆ ಅದು ಅಟ್ಟದಿಂದ ಇಳಿಯುವುದಿಲ್ಲ. ಒಂದು ವರ್ಷ ಆಫೀಸಿನ ಕೆಲಸದಿಂದ ಹೋಗಲು ಆಗಲಿಲ್ಲ. ಎಲ್ಲರೂ ಗೀಜರ್ ನೀರಲ್ಲೇ ಎರೆದುಕೊಂಡರು. ಅವ್ವ ಫೋನಿನಲ್ಲಿ “ಆತವ್ವ, ಹಬ್ಬ ಆತು” ಎಂದರು. ಆ ದನಿ ನನಗೆ ಇನ್ನೂ ಮರೆತಿಲ್ಲ.

ಆರತಿಯ ಜಗಳವೂ ಇದೆ. ಎಣ್ಣೆ ಹಚ್ಚಿ ಮಣೆಯ ಮೇಲೆ ಕೂರಿಸಿ ಅಣ್ಣನಿಗೆ ಆರತಿ ಮಾಡುತ್ತೇನೆ. ಅವನು ತಾಟಿನಲ್ಲಿ ನೂರು ರೂಪಾಯಿ ಹಾಕುತ್ತಾನೆ. ನಾನು ತಾಟು ಇಳಿಸುವುದಿಲ್ಲ. ಐದುನೂರು ಬೀಳುವವರೆಗೂ ಅವನು ಎಣ್ಣೆ ಮೈಯಲ್ಲಿ ನಡುಗುತ್ತಾ ಕೂತಿರಬೇಕು. ಈ ಸಂತೋಷಕ್ಕೆ ಯಾವ ರೆಸಾರ್ಟ್ ಇದೆ ಹೇಳಿ.

2025ರ ಅಕ್ಟೋಬರ್ 19, ಭಾನುವಾರ. ರೈಲಿಳಿದು ಚಹಾ ಕುಡಿದು ಹಂಡೆ ಇಳಿಸಿದೆ. ಅಣ್ಣನ ಮಗಳಿಗೆ ಆರು ವರ್ಷ. ಸುಣ್ಣದ ಪಟ್ಟೆ ತಾನೇ ಎಳೆಯುತ್ತೇನೆ ಎಂದಳು. ಸೊಟ್ಟ ಸೊಟ್ಟ ಬಂದವು, ಹಾಗೇ ಬಿಟ್ಟೆ. ಎಳೆಯುತ್ತಲೇ ಕೇಳಿದಳು: “ಅತ್ತೀ, ಗೀಜರ್ ಐತೆಲ್ಲ? ಇದಕ್ಯಾಕ ನೀರು ತುಂಬ್ತೀವಿ?”

ಅವಳು ಕೇಳಿದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ. “ನಾಳೆ ನಸುಕಿನ್ಯಾಗ ಎದ್ರ ಹೇಳ್ತೀನಿ” ಎಂದೆ.

ನಾಲ್ಕೂವರೆಗೆ ನನ್ನನ್ನು ಅವಳೇ ಎಬ್ಬಿಸಿದಳು. ತಲೆ ತುಂಬ ಎಣ್ಣೆ ಹಚ್ಚಿ, ಕಲ್ಲಿನ ಮೇಲೆ ಕೂರಿಸಿ, ಹಂಡೆಯಿಂದ ಮೊದಲ ತಂಬಿಗೆ ಎರೆದೆ. ಹಬೆಯಲ್ಲಿ ಮುಖ ಕಾಣುತ್ತಿರಲಿಲ್ಲ. ಕೇಳಿದ್ದು ಅವಳಿಗೆ ಮರೆತೇ ಹೋಗಿತ್ತು. ಕಣ್ಣು ಮುಚ್ಚಿಕೊಂಡೇ ಎರಡೂ ಕೈ ಮೇಲೆತ್ತಿ, “ಇನ್ನೊಂದ್ ತಂಬಿಗಿ ಹಾಕತ್ತೀ” ಎಂದಳು.