ಮೂಳೆ ಗಟ್ಟಿಯಾಗೋಕೆ ರಾಗಿ ತಿಂದ್ರೆ ಸಾಕಲ್ವಾ?

ಸಾಲದು. ಉತ್ತರ ಇಷ್ಟೇ. ಇಷ್ಟಕ್ಕೆ ಯಾರೂ ಬಿಡುವುದಿಲ್ಲವಾದ್ದರಿಂದ ಬರೆದಿಡುತ್ತಿದ್ದೇನೆ.

ಈ ಪ್ರಶ್ನೆಯಲ್ಲಿ ನನ್ನನ್ನು ಕೆರಳಿಸುವುದು ಆ ‘ಸಾಕಲ್ವಾ’. ಹೂಂ ಅನ್ನಿಸಿಕೊಳ್ಳಲೆಂದೇ ಕೇಳುವುದು ಅದು. ರಾಗಿಯ ಮೇಲೆ ನನಗೇನೂ ಹಗೆಯಿಲ್ಲ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ; ಅಕ್ಕಿ, ಗೋಧಿ ಹತ್ತಿರಕ್ಕೂ ಬರುವುದಿಲ್ಲ. ಆದರೆ ದೊಡ್ಡವರಿಗೆ ದಿನಕ್ಕೆ 1000 ಬೇಕು, ಮುಟ್ಟು ನಿಂತ ಹೆಂಗಸರಿಗೆ 1200. ರಾಗಿಯೊಂದರಲ್ಲೇ ತುಂಬಿಸುವುದಾದರೆ ದಿನಾ ಕಾಲು ಕೆಜಿಗೂ ಹೆಚ್ಚು ಹಿಟ್ಟು. ಹೊಲದಲ್ಲಿ ದುಡಿಯುವವರು ಅರಗಿಸಿಕೊಂಡಾರು. ಕೇಳುತ್ತಿರುವ ನೀವು ಸೋಫಾ ಬಿಟ್ಟು ಏಳದವರು.

ಅದರ ಮೇಲೆ ಕಾಳಿನಲ್ಲೇ ಇರುವ ಫೈಟೇಟ್ ಎಂಬ ಅಂಶದ ಕಾಟ: ಕ್ಯಾಲ್ಸಿಯಂನ ಒಂದು ಪಾಲನ್ನು ಕರುಳಲ್ಲೇ ಹಿಡಿದಿಟ್ಟು ಹೊರಗೆ ಸಾಗಿಸುತ್ತದೆ. ಮೊಳಕೆ ಬರಿಸಿದರೆ ಅದು ಇಳಿಯುತ್ತದೆ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಡಿ. ಬಟ್ಟೆ ಒಣಗಿದರೆ ಮೊಳಕೆ ಬರದು, ನೀರು ನಿಂತರೆ ಹುಳಿ ವಾಸನೆ. ಆಮೇಲೆ ಒಣಗಿಸಿ, ಹದವಾಗಿ ಹುರಿದು, ಬೀಸಿಸಿ.

ಲೆಕ್ಕ ಹೀಗೆ ಕೂಡಿಸಿ: 100 ಗ್ರಾಂ ರಾಗಿಹಿಟ್ಟು, ಹಾಲು-ಮೊಸರು ಸೇರಿ 400 ಮಿಲಿ, 50 ಗ್ರಾಂ ನುಗ್ಗೆಸೊಪ್ಪು. ಸರಿಸುಮಾರು 1000 ಆಯಿತು. ಮುಟ್ಟು ನಿಂತವರು ಇನ್ನೊಂದು ಬಟ್ಟಲು ಮೊಸರು ಹಾಕಿಕೊಳ್ಳಿ. ಪಾಲಕ್ ಲೆಕ್ಕಕ್ಕಿಲ್ಲ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂನ ಬಹುಪಾಲನ್ನು ಬಿಟ್ಟುಕೊಡುವುದೇ ಇಲ್ಲ. ಮಾತ್ರೆಯಾದರೆ ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬೇಡಿ, ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ. ಡಿ ವಿಟಮಿನ್ನಿನ 60,000 ಯೂನಿಟ್ ಪೊಟ್ಟಣ ವಾರಕ್ಕೊಂದು ಎಂದು ಬರೆದುಕೊಟ್ಟಿದ್ದನ್ನು ದಿನಾ ನುಂಗುವವರಿದ್ದಾರೆ, ದಯವಿಟ್ಟು ಬೇಡ.

ಇನ್ನೊಂದು. ‘ಮಂಡಿ ನೋವು, ಮೂಳೆ ಸವೆದಿದೆಯಂತೆ’ ಅಂದುಕೊಂಡು ಬರುತ್ತೀರಲ್ಲ, ಅದು ಕೀಲಿನ ಸವೆತ, ಬೇರೆ ಕಾಯಿಲೆ. ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆ ಒಳಗಿಂದ ಟೊಳ್ಳಾಗುತ್ತದೆ, ಮುರಿಯುವ ತನಕ ನೋಯುವುದೇ ಇಲ್ಲ. ಹಾಗಾಗಿ ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ: ‘ಅಮ್ಮನಿಗೆ ನೋವೇನೂ ಇಲ್ಲ, ಆದರೂ ಡೆಕ್ಸಾ ಮಾಡಿಸಬೇಕಾ?’ ಡೆಕ್ಸಾ ಎಂದರೆ ಮೂಳೆ ಎಷ್ಟು ಗಟ್ಟಿ ಎಂದು ಅಳೆಯುವ ಸ್ಕ್ಯಾನ್. ವಯಸ್ಸು 65 ದಾಟಿದ್ದರೆ, ನಿಂತಲ್ಲೇ ಜಾರಿ ಮಣಿಕಟ್ಟು ಮುರಿದಿದ್ದರೆ, ಎತ್ತರ 3-4 ಸೆಂಟಿಮೀಟರ್ ಕುಗ್ಗಿದ್ದರೆ, ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದ್ದರೆ ಮಾಡಿಸಿ. ಅದರಲ್ಲಿ ಸಿಗುವ ಅಂಕ, ಅಂದರೆ ಟಿ-ಸ್ಕೋರ್, −2.5 ಅಥವಾ ಅದಕ್ಕೂ ಕೆಳಗೆ ಬಂದರೆ ಊಟವೊಂದರಿಂದ ಆಗದು, ಔಷಧಿ ಬೇಕು. ಮೂಳೆ ಟೊಳ್ಳಾಗುವುದನ್ನು ತಡೆಯುವ, ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆ ಕೊಟ್ಟರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ಬರೀ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗದೆ, ಬೇರೇನೂ ತಿನ್ನದೆ ಇರಬೇಕು. ರಾಗಿ ಗಂಜಿಯ ಜೊತೆ ನುಂಗಿದರೆ ಗಂಜಿಯ ಕ್ಯಾಲ್ಸಿಯಂ ಆ ಮಾತ್ರೆಯನ್ನೇ ಹಿಡಿದುಕೊಂಡು ಹೋಗುತ್ತದೆ.